ಮಗಳ ಅತಿಯಾದ ಮುಟ್ಟಿನ ಸ್ರಾವ: ಹಾರ್ಮೋನ್ ಮಾತ್ರೆಗೆ ಮುಂಚೆ ಒಂದು ರಕ್ತಪರೀಕ್ಷೆ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೈನೆರೆದು ಹತ್ತು ತಿಂಗಳಾಯಿತು. ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತಾಳೆ, ಆದರೆ ಆದಾಗ ಹನ್ನೆರಡು ದಿನವಾದರೂ ನಿಲ್ಲುವುದಿಲ್ಲ. ದಿನಕ್ಕೆ ಎಂಟು ಪ್ಯಾಡ್ ಬೇಕು. ರಾತ್ರಿ ಹಾಸಿಗೆಯ ಮೇಲೆ ಹಳೆಯ ಸೀರೆ ಮಡಚಿ ಹಾಸುತ್ತೇನೆ. ಹಿಮೋಗ್ಲೋಬಿನ್ 8.4 ಇದೆ. ಬೇಸಿಗೆಯಲ್ಲಿ ಮೂಗಿನಿಂದಲೂ ರಕ್ತ ಬರುತ್ತದೆ. ಡಾಕ್ಟರು ರಕ್ತ ನಿಲ್ಲುವ ಮಾತ್ರೆ ಕೊಟ್ಟಿದ್ದಾರೆ, ಜೊತೆಗೆ ಮೂರು ತಿಂಗಳು ಹಾರ್ಮೋನ್ ಮಾತ್ರೆ ನುಂಗಬೇಕು ಎಂದಿದ್ದಾರೆ. ಅದನ್ನು ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ, ತಾನಾಗಿಯೇ ಸರಿಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಅವರು ನನ್ನ ಸೋದರತ್ತೆಯೂ ಹೌದು. ನನಗೂ ಚಿಕ್ಕಂದಿನಲ್ಲಿ ಹೀಗೇ ಇತ್ತು. ನನ್ನ ಅಕ್ಕನಿಗೆ 36ಕ್ಕೇ ಗರ್ಭಕೋಶ ತೆಗೆಸಿದರು. ಏನು ಮಾಡಲಿ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಮೈನೆರೆದ ಮೊದಲ ಎರಡು–ಮೂರು ವರ್ಷ ಅಂಡಾಶಯದಿಂದ ಪ್ರತಿ ತಿಂಗಳೂ ಅಂಡಾಣು ಬಿಡುಗಡೆಯಾಗುವುದಿಲ್ಲ. ಅಂಡಾಣು ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಉತ್ಪತ್ತಿಯಾಗುವುದಿಲ್ಲ. ಅದರ ಹಿಡಿತವಿಲ್ಲದೆ ಗರ್ಭಕೋಶದ ಒಳಪದರ ದಪ್ಪಗೆ ಬೆಳೆದು, ಮಳೆಗೆ ನೆನೆದ ಮಣ್ಣಿನ ಗೋಡೆಯಂತೆ ಇಂದಿಷ್ಟು ನಾಳೆಯಿಷ್ಟು ಕಳಚಿ ಬೀಳುತ್ತದೆ. ಈ ವಯಸ್ಸಿನಲ್ಲಿ 21ರಿಂದ 45 ದಿನಗಳ ಅಂತರದಲ್ಲಿ ಮುಟ್ಟಾಗುವುದು ಸಹಜವೇ. ಆದರೆ ಸ್ರಾವ ಏಳು ದಿನ ಮೀರುವುದು, ರಾತ್ರಿ ಹಾಸಿಗೆ ನೆನೆಯುವುದು, ಹಿಮೋಗ್ಲೋಬಿನ್ 12ರ ಬದಲು 8.4 ಇರುವುದು ಸಹಜವಲ್ಲ. ದೇಹ ತಾನಾಗಿ ಹದಕ್ಕೆ ಬರಲು ಎರಡು ವರ್ಷ ಹಿಡಿದರೆ, ಅಲ್ಲಿಯವರೆಗೆ ಹೋಗುವ ರಕ್ತವನ್ನು ನಿಮ್ಮ ಮಗಳ ಮೈ ತಾಳಲಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮೂಗಿನ ರಕ್ತ, ನಿಮ್ಮ ಬಾಲ್ಯ ಮತ್ತು ನಿಮ್ಮ ಅಕ್ಕನ ಶಸ್ತ್ರಚಿಕಿತ್ಸೆ. ಅತಿಸ್ರಾವದಿಂದ ಆಸ್ಪತ್ರೆಗೆ ಬರುವ ಹುಡುಗಿಯರಲ್ಲಿ ಐವರಿಗೆ ಒಬ್ಬಳವರೆಗೂ ರಕ್ತ ಸರಿಯಾಗಿ ಹೆಪ್ಪುಗಟ್ಟದ ದೋಷ ಇರಬಹುದು. ಹಲವು ವರ್ಷಗಳ ಹಿಂದೆ ಇದೇ ತೊಂದರೆಯ ಹುಡುಗಿಯೊಬ್ಬಳನ್ನು ಕರೆತಂದ ತಾಯಿಗೆ, ‘ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ’ ಎಂದು ಕೇಳಿದ್ದೆ. ‘ಇಲ್ಲ ಡಾಕ್ಟರೇ, ನಮ್ಮ ಮನೆಯಲ್ಲಿ ಎಲ್ಲರಿಗೂ ಮಾಮೂಲಿನಷ್ಟೇ’ ಎಂದರು. ಮಾಮೂಲು ಎಂದರೆ ಎಷ್ಟು ಎಂದು ಬಿಡಿಸಿ ಕೇಳಿದಾಗ ಒಂಬತ್ತು ದಿನ ಎಂದರು. ಹಲ್ಲು ಕೀಳಿಸಿದ ದಿನ ರಾತ್ರಿಯಿಡೀ ಬಾಯಲ್ಲಿ ಹತ್ತಿ ಕಚ್ಚಿ ಕೂತದ್ದನ್ನೂ ಆಗ ನೆನಪು ಮಾಡಿಕೊಂಡರು. ಇಡೀ ಮನೆಗೇ ಇರುವ ದೋಷ ಆ ಮನೆಯವರ ಕಣ್ಣಿಗೆ ದೋಷವಾಗಿ ಕಾಣುವುದೇ ಇಲ್ಲ.

ಇಂಥ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ; ರಕ್ತ ಹೆಪ್ಪುಗಟ್ಟಲು ನೆರವಾಗುವ ‘ವಾನ್ ವಿಲ್ಲೆಬ್ರಾಂಡ್ ಅಂಶ’ ಎಂಬ ಪ್ರೋಟೀನ್ ಇದರಲ್ಲಿ ಕಡಿಮೆಯಿರುತ್ತದೆ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದನ್ನು 1926ರಲ್ಲಿ ಮೊದಲು ವಿವರಿಸಿದ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಬಳಿಗೆ ಓಲಾಂಡ್ ದ್ವೀಪಗಳಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ತಂದಿದ್ದರು; ಅವಳು ತನ್ನ ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಅಂದು ಇಲ್ಲದ ಔಷಧಿ ಇಂದು ಇದೆ, ಆದ್ದರಿಂದ ಹೆದರಬೇಡಿ. ಈ ಕಾಯಿಲೆಯ ತೀವ್ರ ರೂಪವೂ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ಟುಗಳ ಕೆಲವು ಹುಟ್ಟುದೋಷಗಳೂ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು ಕಾಣಿಸುತ್ತವೆ. ಸೋದರತ್ತೆಯ ಮಗನನ್ನು ಮದುವೆಯಾದದ್ದು ನಿಮ್ಮ ತಪ್ಪೆಂದು ಇದರ ಅರ್ಥವಲ್ಲ. ಈ ಸಂಗತಿಯನ್ನು ಡಾಕ್ಟರಿಗೆ ಮರೆಯದೆ ತಿಳಿಸಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಪೂರ್ಣ ರಕ್ತಕಣ ಎಣಿಕೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಗಳು, ಇವುಗಳ ಜೊತೆಗೆ ವಾನ್ ವಿಲ್ಲೆಬ್ರಾಂಡ್ ಅಂಶದ ಪರೀಕ್ಷೆಯನ್ನೂ ಮಾಡಿಸಿ. ಹೆಪ್ಪುಗಟ್ಟುವ ಸಮಯ ಸರಿಯಿದ್ದರೂ ಈ ಕಾಯಿಲೆ ಇರಬಹುದಾದ್ದರಿಂದ ಆ ವರದಿಯೊಂದನ್ನೇ ನೋಡಿ ಸಮಾಧಾನಪಡಬೇಡಿ. ಈಸ್ಟ್ರೋಜೆನ್ ಎಂಬ ಇನ್ನೊಂದು ಹಾರ್ಮೋನ್ ಇರುವ ಮಾತ್ರೆಗಳು ರಕ್ತದಲ್ಲಿ ಈ ಅಂಶವನ್ನು ಹೆಚ್ಚಿಸಿ ದೋಷವನ್ನು ಮರೆಮಾಚಬಲ್ಲವು. ಹಾಗಾಗಿ ಸಾಧ್ಯವಾದರೆ ಮಾತ್ರೆ ಶುರುಮಾಡುವ ಮುಂಚೆಯೇ ರಕ್ತ ಕೊಡಿ. ಆದರೆ ಸ್ರಾವ ಜೋರಾಗಿರುವಾಗ ವರದಿಗಾಗಿ ಕಾಯುತ್ತ ಚಿಕಿತ್ಸೆಯನ್ನು ತಡಮಾಡಬಾರದು. ಈ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ ಆಗದಿದ್ದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕಾದೀತು. ಸ್ಕ್ಯಾನಿಂಗ್ ಬೇಕಾದರೆ ಹೊಟ್ಟೆಯ ಮೇಲಿನಿಂದಲೇ ಮಾಡುತ್ತಾರೆ, ಒಳಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ, ಏಕೆಂದರೆ ಅದೊಂದೇ ಭಯಕ್ಕೆ ಆಸ್ಪತ್ರೆಗೆ ಬರಲು ಒಪ್ಪದ ಹುಡುಗಿಯರಿದ್ದಾರೆ.

ಡಾಕ್ಟರ ಬಳಿಗೆ ಹೋಗುವಾಗ ಪ್ಯಾಡಿನ ಲೆಕ್ಕ ಬರೆದುಕೊಂಡು ಹೋಗಿ. ಸ್ವಲ್ಪವೇ ಕಲೆಯಾದ ಪ್ಯಾಡಿಗೆ 1, ಅರ್ಧದಷ್ಟು ನೆಂದದ್ದಕ್ಕೆ 5, ಪೂರ್ತಿ ನೆಂದದ್ದಕ್ಕೆ 20, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಗಡ್ಡೆಗೆ 5 ಅಂಕ. ಒಂದು ಮುಟ್ಟಿನ ಒಟ್ಟು ಅಂಕ 100 ದಾಟಿದರೆ ಸುಮಾರು 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗಿದೆ ಎಂದು ತಿಳಿಯಬೇಕು.

ರಕ್ತ ನಿಲ್ಲುವ ಮಾತ್ರೆ ಎಂದು ನೀವು ಬರೆದಿರುವುದು ಬಹುಶಃ ಟ್ರಾನೆಕ್ಸಾಮಿಕ್ ಆಮ್ಲ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಈ ಮಾತ್ರೆಯನ್ನು ಸ್ರಾವ ಜೋರಾಗಿರುವ ದಿನಗಳಲ್ಲಿ ಮಾತ್ರ, ಸಾಮಾನ್ಯವಾಗಿ ದಿನಕ್ಕೆ ಮೂರು ಬಾರಿ, ಐದು ದಿನ ಮೀರದಂತೆ ಕೊಡುತ್ತಾರೆ. ಅದರ ಚೀಟಿಯನ್ನೊಮ್ಮೆ ಓದಿ ನೋಡಿ. ಹಲವು ಕಂಪನಿಗಳು ಅದರೊಂದಿಗೆ ಮೆಫೆನಾಮಿಕ್ ಆಮ್ಲ ಎಂಬ ನೋವಿನ ಔಷಧಿಯನ್ನೂ ಸೇರಿಸಿ ಮಾರುತ್ತವೆ; ಅದು ಬೇರೆಯವರಿಗೆ ಒಳ್ಳೆಯದೇ, ಆದರೆ ಪ್ಲೇಟ್‌ಲೆಟ್ಟುಗಳ ಕೆಲಸವನ್ನು ಕುಗ್ಗಿಸುವುದರಿಂದ ಹೆಪ್ಪುಗಟ್ಟುವ ದೋಷ ಇಲ್ಲವೆಂದು ಖಚಿತವಾಗುವವರೆಗೆ ನಿಮ್ಮ ಮಗಳಿಗೆ ಬೇಡ. ಆಸ್ಪಿರಿನ್ ಕೂಡ ಬೇಡ.

ಇನ್ನು ಹಾರ್ಮೋನ್ ಮಾತ್ರೆ. ದೇಹದಲ್ಲಿ ಉತ್ಪತ್ತಿಯಾಗದ ಪ್ರೊಜೆಸ್ಟೆರಾನಿನ ಕೆಲಸವನ್ನು ಅದು ಹೊರಗಿನಿಂದ ಮಾಡಿ, ಒಳಪದರವನ್ನು ಹಿಡಿದು ನಿಲ್ಲಿಸುತ್ತದೆ. ಅದರಿಂದ ಬಂಜೆತನ ಬರುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಅಂಡಾಶಯ ತನ್ನ ಕೆಲಸ ಮುಂದುವರಿಸುತ್ತದೆ. ಗೌರಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡಲೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆಯೂ ಇದೇ ಜಾತಿಯದು. ಹಬ್ಬಕ್ಕೆ ಭಯವಿಲ್ಲದೆ ಕೊಡುವುದನ್ನು ಮಗುವಿನ ಪ್ರಾಣಕ್ಕಾಗಿ ಡಾಕ್ಟರು ಬರೆದುಕೊಟ್ಟಾಗ ತಡೆಯಬೇಡಿ ಎಂದು ನಿಮ್ಮ ಅತ್ತೆಯವರಿಗೆ ನನ್ನ ಪರವಾಗಿ ವಿನಂತಿಸಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತೊಂದರೆ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ, ಅಥವಾ ಮಗಳಿಗೆ ಕಣ್ಣಿಗೆ ಮಿಂಚು ಹೊಡೆದು ಬರುವ ಅರೆತಲೆನೋವು ಇದ್ದರೆ, ಡಾಕ್ಟರಿಗೆ ತಿಳಿಸಿ. ಆಗ ಈಸ್ಟ್ರೋಜೆನ್ ಇಲ್ಲದ ಮಾತ್ರೆ ಕೊಡುತ್ತಾರೆ. ಸ್ರಾವ ನಿಂತಿತೆಂದು ನಡುವೆ ಮಾತ್ರೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಮತ್ತೆ ಶುರುವಾಗುತ್ತದೆ.

ಕಬ್ಬಿಣದ ಮಾತ್ರೆ ಇವೆಲ್ಲದರಷ್ಟೇ ಮುಖ್ಯ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ರಕ್ತಹೀನತೆ ಬಾರದಂತೆ ತಡೆಯಲಿಕ್ಕೆ, 8.4ಕ್ಕೆ ಇಳಿದವಳಿಗೆ ಅದು ಸಾಲದು, ಬೀಟ್‌ರೂಟ್ ಮತ್ತು ಖರ್ಜೂರವೂ ಸಾಲವು. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಚಹಾ ಮತ್ತು ಹಾಲಿನಿಂದ ದೂರವಿಟ್ಟು, ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ. ಮಲ ಕಪ್ಪಾದರೆ ಗಾಬರಿಯಾಗಬೇಡಿ. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸಬೇಕು.

ಗಂಟೆಗೊಂದರಂತೆ ಎರಡು ಗಂಟೆ ಸತತವಾಗಿ ಪ್ಯಾಡ್ ತೊಯ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಕುಳಿತಲ್ಲೇ ಎದೆ ಬಡಿದುಕೊಂಡರೆ, ರಾತ್ರಿಯಾದರೂ ಸರಿ, ರಕ್ತ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗಳ ವರದಿಯಲ್ಲಿ ದೋಷ ಕಂಡುಬಂದರೆ ನೀವೂ ನಿಮ್ಮ ಅಕ್ಕನೂ ಅದೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಂದೆ ಹಲ್ಲು ಕೀಳಿಸುವಾಗಲೋ ಯಾವುದೇ ಶಸ್ತ್ರಚಿಕಿತ್ಸೆಗೋ ಮುಂಚೆ ಆ ವರದಿಯನ್ನು ವೈದ್ಯರಿಗೆ ತೋರಿಸಿ.