ಯುದ್ಧ ಕಂಡು ಬಂದ ಸೈನಿಕ ಕತೆ ಬರೆದರೆ ಅದು ಬೇರೆ ಥರ ಇರುತ್ತದೆಯೇ?

ಖಂಡಿತ ಇರುತ್ತದೆ. ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್ ಅವರನ್ನೇ ನೋಡಿ. 1944ರ ಡಿಸೆಂಬರ್‌ನಲ್ಲಿ ಅವರು ಜರ್ಮನ್ನರ ಕೈಗೆ ಸಿಕ್ಕಿಬಿದ್ದರು. 1945ರ ಫೆಬ್ರವರಿ 13ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ನಗರದ ಮೇಲೆ ಬಾಂಬ್ ಸುರಿದಾಗ ಅವರಿದ್ದದ್ದು ಕಸಾಯಿಖಾನೆಯ ಅಡಿಯಲ್ಲಿ, ಮಾಂಸ ಇಡುವ ಕೋಣೆಯಲ್ಲಿ. ಹಾಗಾಗಿ ಬದುಕಿದರು. ಮೇಲೆ ಬಂದು ನೋಡಿದರೆ ಊರೇ ಇಲ್ಲ. ಆಮೇಲೆ ನೆಲಮಾಳಿಗೆಗಳಿಂದ ಹೆಣ ಹೊರುವ ಕೆಲಸ. ಆಗ ವಯಸ್ಸು ಬರೀ 22.

ಅದು ‘ಸ್ಲಾಟರ್‌ಹೌಸ್-ಫೈವ್’ ಕಾದಂಬರಿಯಾಗಿ ಹೊರಬಂದದ್ದು 1969ರಲ್ಲಿ. ಅದರಲ್ಲಿ ಕತೆ ನೆಟ್ಟಗೆ ಸಾಗುವುದೇ ಇಲ್ಲ. ನಾಯಕ ಬಿಲ್ಲಿ ಈಗ ನಡುವಯಸ್ಸಿನವನು, ಮರುಗಳಿಗೆಗೆ ಮತ್ತೆ ಯುದ್ಧಕೈದಿ. ಇದು ಸುಮ್ನೆ ಮಾಡಿದ ಪ್ರಯೋಗ ಅಂತ ನನಗೆ ಅನಿಸುವುದಿಲ್ಲ. ಅಂಥ ನೆನಪು ಬರುವುದೇ ಹಾಗೆ ಅಲ್ವಾ, ಹೇಳದೆ ಕೇಳದೆ? ಯಾರೇ ಸತ್ತರೂ ಅಲ್ಲಿ ‘ಸೋ ಇಟ್ ಗೋಸ್’ (ಅದು ಹಾಗೇ ನಡೆಯುತ್ತದೆ) ಅನ್ನುವ ಅದೇ ಪುಟ್ಟ ಸಾಲು ಮತ್ತೆ ಬರುತ್ತದೆ. ಅತ್ತು ಅತ್ತು ಕಣ್ಣೀರು ಬತ್ತಿದವನ ದನಿ ಅದು.