ಮನೆಯಲ್ಲಿ ಬರುತ್ತದೆ, ಗುರುಗಳೆದುರು ಬರುವುದಿಲ್ಲ

ಸಲಹೆ ಕೇಳಿ ನನ್ನ ಬಳಿಗೆ ಬಂದವರು 38 ವರ್ಷದ ಮಹಿಳೆ. ಎರಡು ವರ್ಷದಿಂದ ವಯಲಿನ್ ಕಲಿಯುತ್ತಿದ್ದಾರೆ, ವಾರಕ್ಕೊಂದು ಪಾಠ. (ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.) ಅವರ ಪ್ರಶ್ನೆ ನೇರವಾಗಿತ್ತು: "ದಿನವೂ ಒಂದು ಗಂಟೆ ಸಾಧನೆ ಮಾಡುತ್ತೇನೆ. ಮನೆಯಲ್ಲಿ ಚೆನ್ನಾಗಿಯೇ ಬರುತ್ತದೆ. ಗುರುಗಳೆದುರು ಕಮಾನು ಎತ್ತಿದರೆ ಎಲ್ಲ ಎಡವಟ್ಟು. ಈ ವಿದ್ಯೆ ನನಗೆ ಒಲಿಯುವುದಿಲ್ಲವೇನೋ. ಬಿಟ್ಟುಬಿಡಲೇ?"

ಇದು ಅಂಜಿಕೆಯ ಸಮಸ್ಯೆ ಎಂದುಕೊಂಡು ಮೊದಲೆರಡು ಭೇಟಿಗಳನ್ನು ಉಸಿರಾಟದ ವ್ಯಾಯಾಮದಲ್ಲಿ ಕಳೆದೆ. ತಪ್ಪು ನನ್ನದು. ಅವರು ಶಾಂತವಾಗಿ ಉಸಿರಾಡುತ್ತಲೇ ಅದೇ ಜಾಗದಲ್ಲಿ ಎಡವಿ ಬಂದರು.

ಮೂರನೆಯ ಭೇಟಿಯಲ್ಲಿ ಆ ಒಂದು ಗಂಟೆ ಹೇಗೆ ಕಳೆಯುತ್ತದೆಂದು ಬಿಡಿಸಿ ಹೇಳಲು ಕೇಳಿದೆ. ಮೊದಲ ಸಾಲಿನಿಂದ ಶುರು. ಐದನೆಯ ಸಾಲಿನಲ್ಲಿ ಎಡಗೈ ಮೇಲಕ್ಕೆ ಜಾರಬೇಕಾದ ಕಡೆ ಬೆರಳು ತಪ್ಪುತ್ತದೆ. ಮತ್ತೆ ಮೊದಲಿನಿಂದ. ಹೀಗೆ ಇಪ್ಪತ್ತು ಬಾರಿ. ಬರುವ ನಾಲ್ಕು ಸಾಲುಗಳಿಗೆ ಗಂಟೆಯೆಲ್ಲ ಮೀಸಲು, ಬಾರದ ಜಾಗಕ್ಕೆ ಕೆಲವೇ ಕ್ಷಣ. ಇಪ್ಪತ್ತನೆಯ ಬಾರಿಗೆ ಹೇಗೋ ಸರಿಬಂದರೆ ಆ ಖುಷಿಯಲ್ಲೇ ಪೆಟ್ಟಿಗೆ ಮುಚ್ಚುತ್ತಿದ್ದರು. ತಮ್ಮ ಮಟ್ಟ ಅದೇ ಎಂದು ನಂಬಿದ್ದರು. ಗುರುಗಳು ಕೇಳುವುದೋ ಮೊದಲನೆಯ ಬಾರಿಯದನ್ನು.

ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಮನೆಯಲ್ಲೂ ಬರುತ್ತಿರಲಿಲ್ಲ" ಎಂದರು. ಬೇಸರದ ಮಾತಾದರೂ ಮುಖ ನಿರಾಳವಾಗಿತ್ತು.

ಯಾವುದೇ ವಿದ್ಯೆಯಲ್ಲಿ ಪಳಗಲು ಹತ್ತು ಸಾವಿರ ಗಂಟೆಯ ಸಾಧನೆ ಬೇಕೆಂಬ ಲೆಕ್ಕವೂ ಅವರ ತಲೆಯಲ್ಲಿತ್ತು. ದಿನಕ್ಕೊಂದು ಗಂಟೆಯಂತೆ 27 ವರ್ಷ! ಆ ಅಂಕಿ 1993ರಲ್ಲಿ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ವಯಲಿನ್ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ್ದು. ಅಲ್ಲಿ ಅದು ಅತ್ಯುತ್ತಮರ ಗುಂಪಿನ ಸರಾಸರಿಯೇ ಹೊರತು ದಾಟಲೇಬೇಕಾದ ಗೆರೆಯಲ್ಲ. ಚೆನ್ನಾಗಿ ನುಡಿಸುವವರು ಹೆಚ್ಚು ನಿದ್ದೆ ಮಾಡುತ್ತಿದ್ದರೆಂಬುದೂ ಅದೇ ಅಧ್ಯಯನದಲ್ಲಿದೆ. ನಿದ್ದೆಯ ಲೆಕ್ಕ ಹಿಡಿದುಕೊಂಡು ನನ್ನ ಬಳಿಗೆ ಯಾರೂ ಬಂದಿಲ್ಲ.

ಒಂದು ಗಂಟೆಯನ್ನು ಬೆಳಿಗ್ಗೆ 20, ಸಂಜೆ 20 ನಿಮಿಷಕ್ಕೆ ಇಳಿಸಿದೆವು. ಬೆಳಿಗ್ಗೆ ಶ್ರುತಿ ಮಾಡಿದ ಕೂಡಲೇ ಐದನೆಯ ಸಾಲನ್ನು ಒಂದೇ ಬಾರಿ ನುಡಿಸಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಆ ದಿನದ ಅಳತೆ ಅದೇ. ಆಮೇಲೆ ಕೈ ಜಾರುವ ಜಾಗದ ಹಿಂದಿನ ಎರಡು ಸ್ವರ, ಮುಂದಿನ ಎರಡು ಸ್ವರ ಮಾತ್ರ, ಲಯಕ್ಕೆ ಬಡಿತ ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟುಕೊಂಡು. ನಾಲ್ಕೈದು ಬಾರಿ ಸರಿಬಂದರೆ ಅಲ್ಲಿಗೇ ಬಿಟ್ಟು ಬೇರೆ ಭಾಗಕ್ಕೆ ಹೋಗಿ ಮತ್ತೆ ಹಿಂದಿರುಗಬೇಕು. ಹೀಗೆ ಬಿಟ್ಟು ಹಿಡಿದು ನುಡಿಸಿದರೆ ಆ ಹೊತ್ತಿಗೆ ಕೈ ಒರಟೆನಿಸುತ್ತದೆ, ಮರುದಿನಕ್ಕೆ ಉಳಿಯುವುದು ಮಾತ್ರ ಹೆಚ್ಚು. ಪಾಠದ ದಿನ ಮನೆಗೆ ಬಂದ ಮೇಲೆ ವಾದ್ಯ ಮುಟ್ಟದ ರೂಢಿಯನ್ನೂ ಬಿಡಲು ಹೇಳಿದೆ. ಗುರುಗಳ ಮಾತು ಕಿವಿಯಲ್ಲಿ ಹಸಿಯಾಗಿರುವಾಗಲೇ ಹತ್ತು ನಿಮಿಷ ಸಾಕು. "ಈ ವಾರ ಯಾವ ಜಾಗವನ್ನು ಹೇಗೆ ಸಾಧನೆ ಮಾಡಲಿ?" ಎಂದು ಗುರುಗಳನ್ನೇ ಕೇಳಲು ಹೇಳಿದಾಗ ಬಹಳ ಹಿಂಜರಿದರು.

ಆರು ವಾರಗಳ ನಂತರ ಬಂದರು. ಮೊದಲ ವಾರದ ಧ್ವನಿಮುದ್ರಣಗಳನ್ನು ಕೇಳಲಾಗದೆ ಅಳಿಸಿಹಾಕಿದ್ದರಂತೆ. ಹಿಂದಿನ ವಾರ ಏಳು ದಿನಗಳಲ್ಲಿ ನಾಲ್ಕು ದಿನ ಮೊದಲ ಸಲಕ್ಕೇ ಸರಿಬಂದಿತ್ತು. ತಪ್ಪಿದೊಡನೆ ಮೊದಲಿನಿಂದ ಶುರುಮಾಡುವ ಚಟ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಗುರುಗಳು ಈಗ ಪಾಠವನ್ನು ಐದನೆಯ ಸಾಲಿನಿಂದಲೇ ಆರಂಭಿಸುತ್ತಾರೆ. ಹಾಗೆ ಮಾಡಿರೆಂದು ಕೇಳಿಕೊಂಡವರು ಇವರೇ.