ಮಂಗಳೂರಿನಲ್ಲಿದ್ದೇನೆ. ಒಂದು ಸಲ ಗರ್ಭ ನಿಲ್ಲಲಿಲ್ಲ. ಯಾಕೆ ಅಂತ ಟಾರ್ಚ್ ಟೆಸ್ಟಿನಲ್ಲಿ (ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳ ರಕ್ತಪರೀಕ್ಷೆ) ಗೊತ್ತಾಗುತ್ತದೆ, ಮಾಡಿಸು ಅಂತ ಅತ್ತಿಗೆ ಹೇಳಿದರು. ಈ ಸಲ ನಾನೇ ಹೋಗಿ ಟಾರ್ಚ್ ಟೆಸ್ಟ್ ಮಾಡಿಸಿಕೊಳ್ಳಲಾ?

ನಿಮಗೆ ಅತ್ತಿಗೆ ಹೇಳಿದ್ದು, ನನಗೆ ನಾದಿನಿ. ಅಷ್ಟೇ ವ್ಯತ್ಯಾಸ.

ನಾನೂ ಎರಡನೇ ತಿಂಗಳಲ್ಲಿ, ಡಾಕ್ಟರ್ ಬರೆದುಕೊಡದೆಯೇ, ಉಡುಪಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆ. ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣುವಿನ ಐಜಿಎಂ (ಸೋಂಕು ತಗುಲಿದಾಗ ದೇಹ ಮೊದಲು ತಯಾರಿಸುವ ಪ್ರತಿಕಾಯ) ಎದುರು ದಪ್ಪ ಅಕ್ಷರದಲ್ಲಿ ‘ಪಾಸಿಟಿವ್’. ಬೆಕ್ಕಿನಿಂದ ಬರುತ್ತದೆ ಅಂತ ಮೊಬೈಲಿನಲ್ಲಿ ಓದಿದ್ದೇ ಸರಿ, ಬಂಗುಡೆ ತಲೆಗೆ ಕಾದು ಕೂತಿದ್ದ ನಮ್ಮ ಬೆಕ್ಕನ್ನು ಅತ್ತೆ ಗೋಣಿಯಲ್ಲಿ ತುಂಬಿಸಿ ಮಾರ್ಕೆಟ್ ಹತ್ತಿರ ಬಿಡಿಸಿದರು. ಪಾಪ. ಬೆಕ್ಕಿನ ಹೇಲು ಸೇರಿದ ಮಣ್ಣು, ತೊಳೆಯದ ಸೊಪ್ಪು, ಅರೆಬೆಂದ ಮಾಂಸದಿಂದಲೂ ಅದು ಬರುತ್ತದೆ ಮಾರಾಯ್ರೆ.

ನಾನು ಕೆಟ್ಟದ್ದು ಎಲ್ಲಿ ಗೊತ್ತಾ? ‘ಯಾರು ಮಾಡಿಸ್ಲಿಕ್ಕೆ ಹೇಳಿದ್ದು’ ಅಂತ ಡಾಕ್ಟರ್ ಬೈತಾರೆ ಎಂದು ಹೆದರಿ ರಿಪೋರ್ಟನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಸೇರಿಸಿದೆ. ತೋರಿಸಿದ್ದು ಐದನೇ ತಿಂಗಳ ಸ್ಕ್ಯಾನ್ ಕಳೆದ ಮೇಲೆ. ಐಜಿಎಂ ಪಾಸಿಟಿವ್ ಅಂದ ಕೂಡಲೇ ಸೋಂಕು ಈಗ ತಗುಲಿದ್ದು ಅಂತಲ್ಲ. ಹಳೆಯ ಸೋಂಕಿನದ್ದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯಬಹುದು, ಸುಮ್ನೆ ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಅದನ್ನು ಬಿಡಿಸಿ ಹೇಳುವುದು ಅವಿಡಿಟಿ ಟೆಸ್ಟ್, ಅಂದರೆ ಐಜಿಜಿ ಅನ್ನುವ ಇನ್ನೊಂದು ಪ್ರತಿಕಾಯದ ಹಿಡಿತ ಎಷ್ಟು ಗಟ್ಟಿ ಎಂದು ನೋಡುವುದು. ಗಟ್ಟಿಯಿದ್ದರೆ ಸೋಂಕಿಗೆ ಸುಮಾರು ನಾಲ್ಕು ತಿಂಗಳಾದರೂ ಆಗಿದೆ ಎಂದರ್ಥ. ಎರಡನೇ ತಿಂಗಳಲ್ಲೇ ಗಟ್ಟಿ ಬಂದಿದ್ದರೆ ಅದು ಬಸುರಾಗುವ ಮೊದಲಿನದ್ದು ಅಂತ ಅಲ್ಲಿಗೇ ಮುಗಿಯುತ್ತಿತ್ತು. ಆರನೇ ತಿಂಗಳಿಗೆ ಕಾಲಿಟ್ಟಾಗ ಗಟ್ಟಿ ಬಂದು ಏನು ಪ್ರಯೋಜನ? ಬಸುರಿನ ಶುರುವಿನಲ್ಲೇ ತಗುಲಿರಬಹುದಲ್ವಾ. ಕೊನೆಗೆ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆದು, ಅದರಲ್ಲಿ ರೋಗಾಣು ಇದೆಯಾ ಎಂದು ನೋಡುವ ಪಿಸಿಆರ್ ಪರೀಕ್ಷೆಗೆ ಕಳಿಸಬೇಕಾಯಿತು. ನೆಗೆಟಿವ್ ಬಂತು. ಮಗಳು ಚೆನ್ನಾಗಿದ್ದಾಳೆ. ಆ ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಮೊದಲನೆಯದು ಯಾಕೆ ಹೋಯ್ತು ಅಂತ ಟಾರ್ಚಿನಲ್ಲಿ ಗೊತ್ತಾಗುತ್ತದೆ ಅನ್ನುವ ನಿಮ್ಮ ಲೆಕ್ಕವೇ ಸರಿಯಿಲ್ಲ. ಶುರುವಿನಲ್ಲೇ ಹೋಗುವ ಗರ್ಭಗಳಲ್ಲಿ ಕ್ರೋಮೋಸೋಮ್ ತೊಂದರೆಯೇ ಜಾಸ್ತಿ. ಆ ದುಡ್ಡು ಉಳಿಸಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಈ ಮೂರು ಮಾತ್ರ ಬಿಡಬೇಡಿ, ಸರ್ಕಾರಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಸಿಕ್ಕಿದರೆ ಮಗುವನ್ನು ಉಳಿಸಿಕೊಳ್ಳಲು ದಾರಿಯಿದೆ: ಸಿಫಿಲಿಸ್‌ಗೆ ಪೆನ್ಸಿಲಿನ್, ಹೆಪಟೈಟಿಸ್ ಬಿ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ. ರುಬೆಲ್ಲಾ ಲಸಿಕೆಯನ್ನು ಬಸುರಿನಲ್ಲಿ ಕೊಡುವುದಿಲ್ಲ. 2017ರ ಶಾಲಾ ಅಭಿಯಾನ 15 ವರ್ಷದೊಳಗಿನವರಿಗೆ ಮಾತ್ರ ಇದ್ದದ್ದು. ನಿಮ್ಮದು ತಪ್ಪಿದ್ದರೆ ಹೆರಿಗೆ ಆದ ಮೇಲೆ ಹಾಕಿಸಿಕೊಳ್ಳಿ.

ಮಂಗಳೂರಿನಲ್ಲಿದ್ದೇನೆ ಅಂದಿರಿ. ಹಾಗಾದರೆ ಟಾರ್ಚಿಗಿಂತ ಮಲೇರಿಯಾಕ್ಕೆ ಹೆದರಿ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಬಸುರಿ ಅಂತ ಮೊದಲೇ ಹೇಳಿ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಬಸುರಿಯರಿಗೆ ಕೊಡುವ ಹಾಗಿಲ್ಲ.